ಹಳೆಯ ಟ್ರ್ಯಾಕ್ಟರ್ ಕೊಳ್ಳುವ ಮುನ್ನ



ಸಂತೆಯಲ್ಲಿ ಎತ್ತು ಕೊಳ್ಳುವಾಗ ನೀವು ಏನೇನು ನೋಡುತ್ತೀರಿ? ಬಾಯಿ ತೆರೆದು ಹಲ್ಲು ನೋಡುತ್ತೀರಿ. ಸುಳಿ ನೋಡುತ್ತೀರಿ. ಕುಂಟುತ್ತದೋ ಏನೋ ಎಂದು ನಾಲ್ಕು ಹೆಜ್ಜೆ ನಡೆಸುತ್ತೀರಿ. ಆಮೇಲೇ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವ ಮಾತು. ಇಷ್ಟು ಜಾಣರಾದ ನಾವು ಮೂರು ನಾಲ್ಕು ಲಕ್ಷ ರೂಪಾಯಿಯ ಹಳೆಯ ಟ್ರ್ಯಾಕ್ಟರ್ ಕೊಳ್ಳುವಾಗ ಮಾತ್ರ ಹೊಸ ಬಣ್ಣಕ್ಕೆ ಮರುಳಾಗಿಬಿಡುತ್ತೇವೆ. ಮೇಲೆ ಥಳಕು, ಒಳಗೆ ಹುಳುಕು. ಕೊಂಡ ತಿಂಗಳಿಗೇ ಅದು ಗ್ಯಾರೇಜು ಸೇರಿದರೆ, ಬಿತ್ತನೆಯೂ ಹೋಯಿತು, ಸಾಲದ ಬಡ್ಡಿಯೂ ಬೆಳೆಯಿತು. ಆದುದರಿಂದ ಇಂದು ಈ ವಿಷಯವಾಗಿ ನಾಲ್ಕು ಮಾತು.

ಮೊದಲು ಒಂದು ಸೂತ್ರ ಹೇಳುತ್ತೇನೆ, ಗಂಟು ಹಾಕಿಕೊಳ್ಳಿ. ಅದೇ ಮಾದರಿಯ, ಅದೇ ವಯಸ್ಸಿನ ಸುಸ್ಥಿತಿಯ ಟ್ರ್ಯಾಕ್ಟರಿಗೆ ನಮ್ಮ ಸೀಮೆಯಲ್ಲಿ ಏನು ಬೆಲೆ ನಡೆದಿದೆಯೋ ಅದರಲ್ಲಿ, ನಿಮ್ಮ ಮುಂದಿರುವ ಟ್ರ್ಯಾಕ್ಟರನ್ನು ಆ ಸ್ಥಿತಿಗೆ ತರಲು ತಗಲುವ ಖರ್ಚನ್ನು ಕಳೆಯಿರಿ. ಉಳಿದದ್ದೇ ನ್ಯಾಯವಾದ ಬೆಲೆ. ಆ ಖರ್ಚು ಎಷ್ಟೆಂದು ತಿಳಿಯುವುದಕ್ಕಾಗಿಯೇ ಪರೀಕ್ಷೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಟ್ರ್ಯಾಕ್ಟರ್ ಎಲ್ಲಿ ದುಡಿದಿದೆ? ಹುಣಸಗಿ ಸೀಮೆಯಲ್ಲಿ ಈ ಪ್ರಶ್ನೆಗೆ ಬಹಳ ಬೆಲೆ ಇದೆ. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟಾಗಿ, ಎಡದಂಡೆ ಕಾಲುವೆಯ ನೀರು ಬಂದ ಮೇಲೆ, ಜೋಳ ಸಜ್ಜೆ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಕಲಸುವ ಟ್ರ್ಯಾಕ್ಟರಿನ ಅಚ್ಚಿನ ತನಕ ನೀರು ನಿಲ್ಲುತ್ತದೆ. ಸೀಲು ಸ್ವಲ್ಪ ಸವೆದಿದ್ದರೂ ಕೆಸರುನೀರು ಒಳಗೆ ಇಳಿದು ಎಣ್ಣೆಯೊಡನೆ ಕಲೆಯುತ್ತದೆ. ಬೇರಿಂಗು, ಗೇರು, ಬ್ರೇಕು ಎಲ್ಲಕ್ಕೂ ಪೆಟ್ಟು. ಒಣ ಎರೆಹೊಲದಲ್ಲಿ 5,000 ಗಂಟೆ ದುಡಿದದ್ದಕ್ಕಿಂತ ಗದ್ದೆಯಲ್ಲಿ 3,000 ಗಂಟೆ ದುಡಿದದ್ದೇ ಒಳಗೆ ಹೆಚ್ಚು ಸವೆದಿರಬಹುದು. ಗಂಟೆ ತೋರಿಸುವ ಮೀಟರು ಇದನ್ನು ಹೇಳುವುದಿಲ್ಲ. ಮೀಟರು ಕೆಟ್ಟು ನಿಂತಿರಬಹುದು, ಬದಲಾಗಿರಲೂಬಹುದು. ಮೀಟರು ಕಡಿಮೆ ತೋರಿಸಿ, ಕ್ಲಚ್ಚಿನ ಪೆಡಲು ಮಾತ್ರ ಸವೆದು ನುಣ್ಣಗಾಗಿದ್ದರೆ, ಪೆಡಲಿನ ಮಾತನ್ನೇ ನಂಬಿರಿ.

ಕೆಸರುನೀರು ಒಳಗೆ ಇಳಿದಿದೆಯೋ ಇಲ್ಲವೋ ನೋಡುವುದು ಹೇಗೆ? ರಾತ್ರಿಯೆಲ್ಲ ನಿಂತ ಟ್ರ್ಯಾಕ್ಟರಿನ ಬಳಿಗೆ ಬೆಳಿಗ್ಗೆ ಹೋಗಿರಿ. ಮಾಲೀಕರ ಒಪ್ಪಿಗೆ ಪಡೆದು, ಹಿಂದಿನ ಗೇರು ಪೆಟ್ಟಿಗೆಯ ಕೆಳಗಿರುವ ಎಣ್ಣೆ ಬಿಡುವ ಬೋಲ್ಟನ್ನು ಮಿಸ್ತ್ರಿಯ ಕೈಯಿಂದ ತುಸು ಸಡಿಲಿಸಿರಿ. ನೀರು ಎಣ್ಣೆಗಿಂತ ಭಾರ. ಅದು ತಳದಲ್ಲಿ ಕೂತಿರುತ್ತದೆ. ಮೊದಲ ಹನಿಗಳು ನೀರಾಗಿದ್ದರೆ, ಅಥವಾ ಎಣ್ಣೆ ಹಾಲು ಹಾಕಿದ ಚಹಾದಂತೆ ಕಂಡರೆ, ಗದ್ದೆಯ ನೀರು ಹೊಟ್ಟೆ ಸೇರಿದೆ ಎಂದು ತಿಳಿಯಿರಿ. ಹಿಂದಿನ ಗಾಲಿಗಳ ಒಳಮಗ್ಗುಲಲ್ಲಿ ಎಣ್ಣೆ ಸೋರಿದ ಗುರುತು ಇದೆಯೋ ಅದನ್ನೂ ನೋಡಿರಿ. ಮುಂದಿನ ಅಚ್ಚಿಗೆ ಜಾಕ್ ಕೊಟ್ಟು ಗಾಲಿಯನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿರಿ. ಲಟಲಟ ಎಂದರೆ ಬೇರಿಂಗು ಅಥವಾ ಬುಷ್ ಹೋಗಿದೆ.

ಈಗ ಎಂಜಿನ್ನು. ನೀವು ಹೋಗುವ ಮೊದಲೇ ಅದನ್ನು ಚಾಲೂ ಮಾಡಿ ಕಾಯಿಸಿ ಇಟ್ಟಿದ್ದರೆ ಸಂಶಯ ಪಡಿರಿ. ಬಿಸಿ ಎಂಜಿನ್ನು ತನ್ನ ರೋಗವನ್ನು ಮುಚ್ಚಿಡುತ್ತದೆ. ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿರಿ. ಬಿಸಿಯಾಗಿರುವಾಗ ಎಂದೂ ತೆಗೆಯಬೇಡಿ, ಮುಖ ಸುಟ್ಟೀತು. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಎಂಜಿನ್ನಿನೊಳಗೆ ದೊಡ್ಡ ಕೆಲಸ ಕಾದಿದೆ. ಅಳತೆ ಕಡ್ಡಿ ಎಳೆದು ಎಣ್ಣೆ ನೋಡಿರಿ. ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪಾಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಬೆಳ್ಳಗೆ ಮಜ್ಜಿಗೆಯಂತಾಗಿದ್ದರೆ ಹೆದರಿರಿ.

ಆಮೇಲೆ ಚಾಲೂ ಮಾಡಿಸಿ ಹೊಗೆ ನೋಡಿರಿ. ತಣ್ಣನೆಯ ಎಂಜಿನ್ನು ಮೊದಲು ಕೊಂಚ ಬಿಳಿ ಹೊಗೆ ಬಿಡಬಹುದು. ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಅದು ಕೆಟ್ಟ ಲಕ್ಷಣ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಸುಡುತ್ತಿದೆ, ಪಿಸ್ಟನ್ನಿನ ರಿಂಗು ಸವೆದಿರಬಹುದು. ಎಳೆಯುವಾಗ ದಟ್ಟ ಕರಿ ಹೊಗೆ ಬಂದರೆ ಗಾಳಿ ಸೋಸುವ ಫಿಲ್ಟರು ಕಟ್ಟಿರಬಹುದು, ಇಲ್ಲವೆ ನಾಜಲ್ಲು, ಪಂಪಿನ ದೋಷ. ಇದು ಕೆಲವು ಸಲ ಅಗ್ಗದಲ್ಲೇ ತೀರುತ್ತದೆ. ಎಂಜಿನ್ನು ನಡೆಯುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆರೆದರೆ ಬುಸುಬುಸು ಎಂದು ಹೊಗೆ ನುಗ್ಗುತ್ತದೆಯೋ? ಹಾಗಿದ್ದರೆ ಎಂಜಿನ್ನು ಬಿಚ್ಚುವ ಕಾಲ ದೂರವಿಲ್ಲ.

ಎತ್ತನ್ನು ಹೂಡಿ ನೋಡದೆ ಕೊಳ್ಳುತ್ತೀರೇನು? ಟ್ರ್ಯಾಕ್ಟರನ್ನೂ ಹೂಡಿಯೇ ನೋಡಬೇಕು. ನೇಗಿಲು ಕಟ್ಟಿ ಹೊಲದಲ್ಲಿ ಅರ್ಧ ಗಂಟೆ ಹೊಡೆಯಿರಿ. ಎಂಜಿನ್ನು ಜೋರಾಗಿ ಕೂಗಿದರೂ ಗಾಲಿ ತಿರುಗದಿದ್ದರೆ ಕ್ಲಚ್ ಪ್ಲೇಟು ಸವೆದಿದೆ. ಪ್ರತಿಯೊಂದು ಗೇರನ್ನೂ ಹಾಕಿ ನೋಡಿರಿ. ಭಾರ ಬಿದ್ದಾಗ ಗೇರು ತಾನಾಗಿ ಜಿಗಿದು ಹೊರಬಂದರೆ ಖರ್ಚು ದೊಡ್ಡದು. ಎಡ, ಬಲ ಬ್ರೇಕುಗಳನ್ನು ಬಿಡಿಬಿಡಿಯಾಗಿ ತುಳಿದು ನೋಡಿರಿ. ಮುಗಿದ ಮೇಲೆ ನೇಗಿಲನ್ನೋ ರೋಟಾವೇಟರನ್ನೋ ಲಿಫ್ಟಿನಿಂದ ಎತ್ತಿ, ಎಂಜಿನ್ನು ನಿಲ್ಲಿಸಿ, ದೂರ ಸರಿದು ಕಾಯಿರಿ. ನಿಧಾನವಾಗಿ ಕೊಂಚ ಇಳಿದರೆ ಚಿಂತೆಯಿಲ್ಲ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ನೆಲ ಮುಟ್ಟಿತು ಎಂದರೆ ಹೈಡ್ರಾಲಿಕ್ಕಿನಲ್ಲಿ ದೋಷವಿದೆ. ಎತ್ತಿದ ಭಾರದ ಕೆಳಗೆ ಮಾತ್ರ ಯಾರೂ ಕೈಕಾಲು ಇಡಬಾರದು. ಮಕ್ಕಳನ್ನು ದೂರ ನಿಲ್ಲಿಸಿರಿ.

ಇನ್ನು ಕಾಗದಪತ್ರ. ಯಂತ್ರ ಒಳ್ಳೆಯದಿದ್ದು ಕಾಗದ ಕೆಟ್ಟಿದ್ದರೆ, ಆ ಟ್ರ್ಯಾಕ್ಟರ್ ನಿಮ್ಮದಲ್ಲ. ಆರ್.ಸಿ. ಪುಸ್ತಕದಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಯಂತ್ರದ ಮೇಲೆ ಕೊರೆದ ನಂಬರುಗಳೊಡನೆ ತಾಳೆ ನೋಡಿರಿ. ಮಾರುವವರ ಹೆಸರೇ ಅದರಲ್ಲಿದೆಯೋ ನೋಡಿರಿ. ಬ್ಯಾಂಕಿನ ಅಥವಾ ಫೈನಾನ್ಸಿನ ಸಾಲ ನಮೂದಾಗಿದ್ದರೆ, ಸಾಲ ತೀರಿದ ಪತ್ರ ಮತ್ತು ಅವರು ಸಹಿ ಮಾಡಿದ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಕೊಂಡ ಮೇಲೆ ಫಾರಂ 29 ಮತ್ತು 30ರ ಮೂಲಕ 30 ದಿನಗಳೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಕೊಡುವುದು ಕೊಂಡವರ ಹೊಣೆ. ವಿಮೆ ಚಾಲ್ತಿಯಲ್ಲಿದೆಯೋ ವಿಚಾರಿಸಿರಿ.

ಈಗ ಲೆಕ್ಕಕ್ಕೆ ಕೂಡೋಣ. ಇಲ್ಲಿ ಹೇಳುವ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಅಂಕಿಗಳನ್ನು ಅಂಗಡಿಯಲ್ಲಿ, ಮಿಸ್ತ್ರಿಯಲ್ಲಿ ಕೇಳಿ ಬರೆದುಕೊಳ್ಳಿ. ಸುಸ್ಥಿತಿಯ ಅಂಥ ಟ್ರ್ಯಾಕ್ಟರಿಗೆ 3,50,000 ರೂಪಾಯಿ ನಡೆದಿದೆ ಎನ್ನಿ. ಇದಕ್ಕೆ ಹಿಂದಿನ ಎರಡು ಟೈರು ಬೇಕು, 40,000. ಕ್ಲಚ್ಚಿನ ಕೆಲಸ 15,000. ಸೀಲು, ಬೇರಿಂಗು, ಹೊಸ ಎಣ್ಣೆ 15,000. ಒಟ್ಟು 70,000. ಕಳೆದರೆ 2,80,000. ಮಾರುವವರು 3,30,000ಕ್ಕೆ ಪಟ್ಟು ಹಿಡಿದರೆ ಈ ಚೀಟಿಯನ್ನು ಅವರ ಮುಂದೆಯೇ ಓದಿ ಹೇಳಿರಿ. ಜಗಳ ಬೇಡ, ಲೆಕ್ಕವೇ ಮಾತಾಡಲಿ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ತೆರಿಗೆಗೆ ಮುಂಚೆ 7,00,000 ರೂಪಾಯಿ ಬೆಲೆಯ ಟ್ರ್ಯಾಕ್ಟರಿನಲ್ಲಿ ಇದರಿಂದ 49,000 ರೂಪಾಯಿ ಉಳಿಯುತ್ತದೆ. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಬೇಕಲ್ಲವೆ? "ನಾನು ಇಷ್ಟು ಕೊಟ್ಟು ತಂದಿದ್ದೆ ನೋಡ್ರಿ" ಎಂಬ ಹಳೆಯ ಮಾತಿಗೆ ಬೀಳಬೇಡಿ.

"ನಾಳೆ ಬೇರೆಯವರು ಬರ್ತಾರೆ, ಇವತ್ತೇ ಸಂಚಕಾರ ಕೊಟ್ಟು ಹೋಗ್ರಿ" ಎಂದು ದಲಾಲಿ ಅವಸರ ಮಾಡಿದರೆ, ಅಂದು ಮನೆಗೆ ಬಂದುಬಿಡಿ. ಮನೆಯವರೆಲ್ಲ ಕೂತು ಲೆಕ್ಕ ಹಾಕಿರಿ. ಮನೆಯಾಕೆಯನ್ನೂ ಕೇಳಿರಿ, ಒಡವೆ ಅಡವಿಡುವ ಕಾಲ ಬಂದರೆ ಹೋಗುವುದು ಆಕೆಯ ಕೊರಳಿನದು. ವರ್ಷಕ್ಕೆ ಬಾಡಿಗೆ ಟ್ರ್ಯಾಕ್ಟರಿಗೆ ಎಷ್ಟು ಕೊಡುತ್ತಿದ್ದೀರಿ, ಸಾಲದ ಕಂತು ಎಷ್ಟಾಗುತ್ತದೆ, ಎರಡನ್ನೂ ಪಕ್ಕಪಕ್ಕ ಬರೆಯಿರಿ. ನಾಲ್ಕೆಕರೆಯ ಹೊಲಕ್ಕೆ ಬಾಡಿಗೆಯೇ ಲಾಭ ಎಂದು ತೋರಿದರೆ, ಕೊಳ್ಳದೆ ಇರುವುದೂ ಒಂದು ಒಳ್ಳೆಯ ವ್ಯಾಪಾರವೇ.

ಬಣ್ಣ ನೋಡಿ ಕೊಂಡವನು ಗ್ಯಾರೇಜಿಗೆ ದುಡಿಯುತ್ತಾನೆ. ಎಣ್ಣೆ ನೋಡಿ ಕೊಂಡವನು ತನ್ನ ಹೊಲಕ್ಕೆ ದುಡಿಯುತ್ತಾನೆ. ನಿಮ್ಮ ಹೊಲ ಹಸನಾಗಲಿ.