ಉಪವಿಷಯವಾಗಿ ಯುರೋಪಿನ ಅಭ್ಯಾಸ

ಶಾಲೆಯ ವ್ಯಾಸಂಗವನ್ನು ಮುಗಿಸಿ ಕಾಲೇಜನ್ನು ಸೇರುವ ವಿದ್ಯಾರ್ಥಿಯು ಒಂದು ಮುಖ್ಯ ವಿಷಯವನ್ನು ಆರಿಸಿಕೊಳ್ಳುವುದು ಸರ್ವವಿದಿತವಾದ ಸಂಗತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಬಂದ ಮೇಲೆ, ಅದರೊಡನೆ ಒಂದು ಉಪವಿಷಯವನ್ನೂ ಅಭ್ಯಸಿಸುವ ಕ್ರಮವು ಪದವಿ ತರಗತಿಗಳಲ್ಲಿ ಹರಡುತ್ತಿದೆ. ಯುರೋಪಿನ ಸಂಸ್ಕೃತಿ, ಇತಿಹಾಸ ಮತ್ತು ಭಾಷೆಗಳನ್ನು ಹೀಗೆ ಉಪವಿಷಯವಾಗಿ ಓದಬಯಸುವ ತರುಣರಿಗೆ ಮನೆಯ ಹಿರಿಯರು, “ಇಂಗ್ಲಿಷು ಬಂದರೆ ಸಾಲದೆ?” ಎಂದು ಕೇಳುವುದು ಸಹಜ. ಗುಜರಾತದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳು ಈ ಪ್ರಶ್ನೆಗೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಸೂರತ್, ವಡೋದರಾ, ಅಹಮದಾಬಾದುಗಳಲ್ಲಿಯೇ ಅದು ನಮಗೆ ದೊರೆಯುತ್ತದೆ.

ಮೊದಲು ಸೂರತ್ತನ್ನು ನೋಡೋಣ. ತಾಪಿ ನದಿಯ ದಡದ ಈ ರೇವುಪಟ್ಟಣಕ್ಕೆ 1608ರಲ್ಲಿ ಹಾಕಿನ್ಸ್ ಎಂಬ ಆಂಗ್ಲನು ಬಂದನು. ಮುಂದೆ ಕೆಲವೇ ವರ್ಷಗಳಲ್ಲಿ ಆಂಗ್ಲರೂ ಡಚ್ಚರೂ ಇಲ್ಲಿ ವ್ಯಾಪಾರದ ಕೋಠಿಗಳನ್ನು ತೆರೆದರು. 1668ರಲ್ಲಿ ಫ್ರೆಂಚರೂ ಬಂದು ಸೇರಿದರು. ಒಬ್ಬೊಬ್ಬರೂ ತಮ್ಮ ಕಾಗದಪತ್ರಗಳನ್ನು ತಮ್ಮ ತಮ್ಮ ಭಾಷೆಯಲ್ಲಿ ಬರೆದಿಟ್ಟರು. ಆದುದರಿಂದ ಇಂಗ್ಲಿಷನ್ನು ಮಾತ್ರ ಬಲ್ಲವನು ಆ ಕಾಲದ ಕಥೆಯನ್ನು ಒಬ್ಬನೇ ಸಾಕ್ಷಿಯ ಬಾಯಿಂದ ಕೇಳಿದಂತಾಗುತ್ತದೆ.

ಸೂರತ್ತಿನ ಡಚ್ ಸ್ಮಶಾನದಲ್ಲಿ, 1691ರಲ್ಲಿ ತೀರಿಕೊಂಡ ವಾನ್ ರೀಡೆಯ ಭವ್ಯವಾದ ಗೋರಿಯಿದೆ. ಈತನು ಕೊಚ್ಚಿಯಲ್ಲಿ ಅಧಿಕಾರಿಯಾಗಿದ್ದಾಗ ಮಲಬಾರದ ಗಿಡಮರಗಳ ವಿವರವನ್ನು ಸಂಗ್ರಹಿಸಿದನು. ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿಗರೂ ಅವನಿಗೆ ನೆರವಾದರು. ‘ಹೊರ್ಟಸ್ ಮಲಬಾರಿಕಸ್’ ಎಂಬ ಆ ಗ್ರಂಥವು 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದರ ಭಾಷೆ ಲ್ಯಾಟಿನ್. ಕೇರಳದ ಸಸ್ಯಶಾಸ್ತ್ರಜ್ಞರಾದ ಕೆ. ಎಸ್. ಮಣಿಲಾಲರು ಬಹುಕಾಲ ಶ್ರಮಿಸಿ ಸಿದ್ಧಪಡಿಸಿದ ಇಂಗ್ಲಿಷ್ ಅನುವಾದವು 2003ರಲ್ಲಿ ಹೊರಬರುವವರೆಗೆ, ನಮ್ಮ ವೈದ್ಯರೇ ಹೇಳಿಕೊಟ್ಟ ವಿದ್ಯೆಯು ನಮ್ಮವರಿಗೇ ಬೀಗ ಹಾಕಿದ ಪೆಟ್ಟಿಗೆಯಾಗಿತ್ತು. ಭಾಷೆಯನ್ನು ಕಲಿಯುವುದೆಂದರೆ ಇಂತಹ ಬೀಗದ ಕೈಯನ್ನು ಪಡೆಯುವುದು.

ಯುರೋಪಿನವರು ಇಲ್ಲಿಗೆ ವಿದ್ಯಾರ್ಥಿಗಳಾಗಿ ಬಂದುದೂ ಉಂಟು. ಆಂಕೆತಿಲ್ ದ್ಯುಪೆರೋ ಎಂಬ ಫ್ರೆಂಚ್ ತರುಣನು 1758ರಲ್ಲಿ ಸೂರತ್ತಿಗೆ ಬಂದು, ಪಾರ್ಸಿ ದಸ್ತೂರರ ಬಳಿ ಅವರ ಧರ್ಮಗ್ರಂಥವನ್ನು ಅಭ್ಯಸಿಸಿ, 1771ರಲ್ಲಿ ಅದರ ಫ್ರೆಂಚ್ ಅನುವಾದವನ್ನು ಪ್ರಕಟಿಸಿದನು.

ಇನ್ನು ವಡೋದರಾ. ಇಲ್ಲಿಯ ಬರೋಡಾ ಕಾಲೇಜು 1881ರಲ್ಲಿ ಸ್ಥಾಪಿತವಾಯಿತು. 1893ರಲ್ಲಿ ಈ ನಗರಕ್ಕೆ ಬಂದ ಶ್ರೀ ಅರವಿಂದರು ಆ ಕಾಲೇಜಿನಲ್ಲಿ ಫ್ರೆಂಚನ್ನೂ ಇಂಗ್ಲಿಷನ್ನೂ ಬೋಧಿಸಿದರು. ಗ್ರೀಕ್, ಲ್ಯಾಟಿನ್‌ಗಳಲ್ಲಿ ಪಂಡಿತರಾಗಿದ್ದ ಅವರು ಸಂಸ್ಕೃತ, ಬಂಗಾಳಿಗಳ ಅಭ್ಯಾಸವನ್ನು ಶ್ರದ್ಧೆಯಿಂದ ಬೆಳೆಸಿಕೊಂಡುದೂ ಇಲ್ಲಿಯೇ. ಪರಭಾಷೆಯ ಪಾಂಡಿತ್ಯವು ಸ್ವದೇಶಪ್ರೇಮಕ್ಕೆ ಅಡ್ಡಿಯಾಗದೆಂಬುದಕ್ಕೆ ಅವರ ಜೀವನವೇ ನಿದರ್ಶನ. 1949ರಲ್ಲಿ ಸ್ಥಾಪಿತವಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದ ಕಲಾಶಾಖೆಯಲ್ಲಿ ಫ್ರೆಂಚ್, ಜರ್ಮನ್, ರಷ್ಯನ್ ವಿಭಾಗಗಳಿವೆ. ಮೂರನೆಯ ಸಯಾಜಿರಾವ್ ಮಹಾರಾಜರು ಕೂಡಿಸಿದ ಯುರೋಪಿನ ವರ್ಣಚಿತ್ರಗಳನ್ನು ಅಲ್ಲಿನ ಚಿತ್ರಶಾಲೆಯಲ್ಲಿ ಕಾಣಬಹುದು.

ಅಹಮದಾಬಾದಿನಲ್ಲಿ ಕಾಂಕರಿಯಾ ಸರೋವರದ ಬಳಿ ಡಚ್ಚರ ಹಳೆಯ ಗೋರಿಗಳಿವೆ. ಸಾಬರಮತಿಯ ದಡದಲ್ಲಿ ಗಿರಣಿ ಮಾಲೀಕರ ಸಂಘಕ್ಕಾಗಿ ಲ ಕಾರ್ಬೂಸಿಯೆ ರಚಿಸಿಕೊಟ್ಟ ಕಟ್ಟಡವು 1954ರದು. ಯುರೋಪಿನಲ್ಲಿ ಹುಟ್ಟಿದ ಶಿಲ್ಪಶೈಲಿಯು ನಮ್ಮ ಬಿಸಿಲಿಗೂ ಗಾಳಿಗೂ ಹೊಂದಿಕೊಂಡ ಬಗೆಯನ್ನು ಆ ಕಟ್ಟಡದ ಮುಂದೆ ನಿಂತು ಕಲಿಯಬಹುದು.

ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಈ ಭಾಷೆಗಳು ನಿಲುಕುವುವೆ ಎಂಬ ಅಳುಕು ಬೇಡ. ಜರ್ಮನ್ ಭಾಷೆಯಲ್ಲಿ ನಾಲ್ಕು ವಿಭಕ್ತಿಗಳು, ರಷ್ಯನ್ನಿನಲ್ಲಿ ಆರು. ಇಂಗ್ಲಿಷನ್ನು ಮಾತ್ರ ಬಲ್ಲವರಿಗೆ ಇವು ತೊಡಕೆನಿಸುತ್ತವೆ. ‘ಮನೆಯನ್ನು, ಮನೆಯಿಂದ, ಮನೆಗೆ, ಮನೆಯಲ್ಲಿ’ ಎಂದು ದಿನವೂ ಆಡುವ ನಮಗೆ ವಿಭಕ್ತಿಯು ಹೊಸದಲ್ಲ. ಫ್ರೆಂಚಿನಲ್ಲಿ ಪುಸ್ತಕವು ಪುಲ್ಲಿಂಗ, ಮೇಜು ಸ್ತ್ರೀಲಿಂಗ. ಕನ್ನಡದಲ್ಲಿ ಈ ವಸ್ತುಗಳೆಲ್ಲ ನಪುಂಸಕಲಿಂಗವಾದರೂ, ಗುಜರಾತಿಯಲ್ಲಿ ‘ಖುರಶಿ’ ಸ್ತ್ರೀಲಿಂಗ, ‘ಓರಡೋ’ ಪುಲ್ಲಿಂಗ, ‘ಘರ್’ ನಪುಂಸಕಲಿಂಗವೆಂಬುದನ್ನು ನಾವು ಬೀದಿಯಲ್ಲಿ ಆಡುತ್ತಲೇ ಕಲಿತಿದ್ದೇವೆ. ಮನೆಯ ಮಾತೂ ನೆರೆಯ ಮಾತೂ ಸೇರಿ ನಮ್ಮನ್ನು ಅರ್ಧ ದಾರಿ ಸಾಗಿಸಿಬಿಟ್ಟಿವೆ.

ಆದರೂ ಕೆಲವು ಎಚ್ಚರಿಕೆಗಳು ಅವಶ್ಯ. ಯಾವ ಕಾಲೇಜಿನಲ್ಲಿ ಯಾವ ಭಾಷೆಯ ಬೋಧನೆಯಿದೆ ಎಂಬುದನ್ನು ಪ್ರವೇಶಕ್ಕೆ ಮೊದಲೇ ವಿಚಾರಿಸಿಕೊಳ್ಳಬೇಕು. ಹಲವು ಭಾಷೆಗಳ ಮೇಲೆ ಕೈಯಾಡಿಸದೆ ಒಂದನ್ನು ಆರಿಸಿ, ದಿನವೂ ತಪ್ಪದೆ ಅಭ್ಯಾಸಮಾಡಬೇಕು. ಉಪವಿಷಯವು ಯಾರನ್ನೂ ಪಂಡಿತರನ್ನಾಗಿ ಮಾಡಲಾರದು. ಬಾಗಿಲನ್ನು ತೆರೆದುಕೊಡುತ್ತದೆ, ಮುಂದೆ ನಡೆಯಬೇಕಾದವರು ನಾವೇ.

1853ರಲ್ಲಿ ಭಾರತಕ್ಕೆ ಬಂದ ಜರ್ಮನಿಯ ಕಿಟ್ಟೆಲ್ಲರು ಕನ್ನಡವನ್ನು ಕಲಿತು, ದಶಕಗಳ ದುಡಿಮೆಯ ಫಲವಾದ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ನಮ್ಮ ಕೈಗಿತ್ತರು. ಅವರ ನಾಡಿನ ಮಾತಿಗೆ ನಾವು ಮೂರು ವರ್ಷಗಳ ಶ್ರಮವನ್ನು ಕೊಟ್ಟರೆ ಅದು ಹೆಚ್ಚಾಗಲಾರದು.