‘ಅರ್ಥ ಆಯ್ತಾ?’ ಎಂದು ಕೇಳಿದರೆ ಸಾಲದು

ತುಂಬಿದ ಲಾರಿಯೊಂದು ಪುಟ್ಟ ಕಾರಿಗೆ ಮುಖಾಮುಖಿ ಡಿಕ್ಕಿ ಹೊಡೆಯಿತು ಎಂದಿಟ್ಟುಕೊಳ್ಳಿ. ಲಾರಿ ಕಾರಿನ ಮೇಲೆ ಹಾಕಿದ ಬಲ ಹೆಚ್ಚೋ, ಕಾರು ಲಾರಿಯ ಮೇಲೆ ಹಾಕಿದ ಬಲ ಹೆಚ್ಚೋ? ನ್ಯೂಟನ್ನನ ಮೂರನೇ ನಿಯಮವನ್ನು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದವರೂ ಇಲ್ಲಿ ‘ಲಾರಿಯದೇ ಹೆಚ್ಚು’ ಎಂದುಬಿಡುತ್ತಾರೆ. ಎರಡೂ ಬಲ ಸಮ. ಹಗುರವಾದ ಕಾರಿನ ವೇಗವನ್ನು ಅದೇ ಬಲ ಹೆಚ್ಚು ಏರುಪೇರು ಮಾಡುತ್ತದೆ, ಅಷ್ಟೇ.

ಅಮೆರಿಕದ ಅರಿಜೋನಾದಲ್ಲಿ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು ಇಂಥ ಪ್ರಶ್ನೆಗಳನ್ನೇ ಪೋಣಿಸಿ ಒಂದು ಪರೀಕ್ಷೆ ಸಿದ್ಧಪಡಿಸಿದ್ದರು. ಅದರಲ್ಲಿ ಲೆಕ್ಕವಿಲ್ಲ, ಸೂತ್ರವಿಲ್ಲ. ಬರೀ ಆಡುಮಾತಿನ ಪ್ರಶ್ನೆಗಳು. 1990ರ ಸುಮಾರಿಗೆ ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ ಅದನ್ನು ತಮ್ಮ ತರಗತಿಗೆ ಕೊಟ್ಟರು. ಪಾಠ ಚೆನ್ನಾಗಿ ಮಾಡುತ್ತಾರೆಂದು ವಿದ್ಯಾರ್ಥಿಗಳಿಂದ ಶಹಬ್ಬಾಸ್‌ಗಿರಿ ಪಡೆದವರು ಅವರು. ಅವರ ಹುಡುಗರು ಕ್ಲಿಷ್ಟ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಆದರೆ ಈ ಪರೀಕ್ಷೆ ಕೈಗೆ ಬಂದಾಗ ಒಬ್ಬ ವಿದ್ಯಾರ್ಥಿ ಕೇಳಿದ್ದು ಬೇರೆಯೇ ಪ್ರಶ್ನೆ: ನೀವು ಕಲಿಸಿದ ಹಾಗೆ ಉತ್ತರಿಸಬೇಕೋ, ನನಗೆ ನಿಜವಾಗಿ ಅನ್ನಿಸುವ ಹಾಗೋ? ಬೋರ್ಡಿನ ಮೇಲಿನ ಭೌತವಿಜ್ಞಾನ ಒಂದು, ತಲೆಯೊಳಗಿನದು ಇನ್ನೊಂದು ಎಂಬುದು ಆ ಒಂದು ಮಾತಿನಲ್ಲೇ ಬಯಲಾಯಿತು. ಫಲಿತಾಂಶವೂ ಅದನ್ನೇ ಹೇಳಿತು.

ಇದಕ್ಕೆ ಮಜೂರ್ ಕಂಡುಕೊಂಡ ದಾರಿ ತೀರಾ ಸರಳ. ಓದಿಕೊಂಡು ಬರಬೇಕಾದ ಪುಟಗಳನ್ನು ಮೊದಲೇ ಹೇಳಿಬಿಡುವುದು. ತರಗತಿಯಲ್ಲಿ ಕೆಲವೇ ನಿಮಿಷ ವಿವರಣೆ, ಆಮೇಲೆ ನಾಲ್ಕೈದು ಆಯ್ಕೆಗಳಿರುವ ಒಂದು ಪ್ರಶ್ನೆ. ಎಲ್ಲರೂ ಒಂದೆರಡು ನಿಮಿಷ ತುಟಿ ಬಿಚ್ಚದೆ ಯೋಚಿಸಿ ತಮ್ಮ ಉತ್ತರವನ್ನು ತೋರಿಸಬೇಕು. ಹೆಚ್ಚಿನವರದು ಸರಿಯಾಗಿದ್ದರೆ ಪಾಠ ಮುಂದಕ್ಕೆ, ತೀರಾ ಕೆಲವರದು ಮಾತ್ರ ಸರಿಯಿದ್ದರೆ ಮತ್ತೆ ವಿವರಣೆ. ಶೇ 30ರಿಂದ 70ರಷ್ಟು ಮಂದಿ ಸರಿಯಿದ್ದರೆ ಮಾತ್ರ ನಿಜವಾದ ಕೆಲಸ ಶುರು: ಬೇರೆ ಉತ್ತರ ಕೊಟ್ಟವರನ್ನು ಹುಡುಕಿ, ಒಪ್ಪಿಸಿ ನೋಡಿ ಎನ್ನುತ್ತಾರೆ ಮೇಷ್ಟ್ರು. ತರಗತಿ ಸಂತೆಯಾಗುತ್ತದೆ. ವಾದ ಮುಗಿದ ಮೇಲೆ ಮತ್ತೊಮ್ಮೆ ಉತ್ತರ ಪಡೆದರೆ ಸರಿ ಹೇಳುವವರ ಸಂಖ್ಯೆ ಸಾಮಾನ್ಯವಾಗಿ ಏರಿರುತ್ತದೆ. ಈಗಷ್ಟೇ ಅರ್ಥಮಾಡಿಕೊಂಡವನಿಗೆ ಪಕ್ಕದವನು ಎಲ್ಲಿ ಎಡವುತ್ತಿದ್ದಾನೆಂದು ಗೊತ್ತು. ಮೂವತ್ತು ವರ್ಷದಿಂದ ಅದೇ ಪಾಠ ಮಾಡುತ್ತಿರುವವರು ಆ ಎಡವಿದ ಜಾಗವನ್ನೇ ಮರೆತಿರುತ್ತಾರೆ.

ಗೊತ್ತಿಲ್ಲದವರಿಬ್ಬರು ಕೂತು ಮಾತಾಡಿದರೆ ಗೊತ್ತಾಗುವುದೇನು ಎಂಬ ಆಕ್ಷೇಪ ಸಹಜ. ಕೊಲರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನ ತರಗತಿಯಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಚರ್ಚೆಯ ನಂತರ ಅದೇ ತತ್ತ್ವದ ಹೊಸ ಪ್ರಶ್ನೆಯೊಂದನ್ನು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕೊಟ್ಟರು. ಗುಂಪಿನಲ್ಲಿ ಯಾರಿಗೂ ಮೊದಲು ಸರಿ ಉತ್ತರ ಗೊತ್ತಿರದಿದ್ದಾಗಲೂ ವಿದ್ಯಾರ್ಥಿಗಳು ಸುಧಾರಿಸಿದ್ದು 2009ರ ಆ ಅಧ್ಯಯನದಲ್ಲಿ ಕಂಡುಬಂತು.

2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿ ತರಗತಿಗಳ ಮೇಲಿನ 225 ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದರು. ಉಪನ್ಯಾಸವೊಂದೇ ಇದ್ದಲ್ಲಿ ಫೇಲಾದವರು ಸರಾಸರಿ ಶೇ 33.8, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡ ತರಗತಿಗಳಲ್ಲಿ ಶೇ 21.8.

ಇಷ್ಟಾದರೂ ಉಪನ್ಯಾಸದ ಪಟ್ಟ ಯಾಕೆ ಅಲುಗಾಡುತ್ತಿಲ್ಲ? 2019ರಲ್ಲಿ ಹಾರ್ವರ್ಡ್‌ನಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ಉತ್ತರದ ಒಂದು ತುಣುಕು ಸಿಗುತ್ತದೆ. ಒಂದೇ ಪಾಠವನ್ನು ಒಂದು ಗುಂಪು ನಿರರ್ಗಳ ಉಪನ್ಯಾಸದಲ್ಲಿ ಕೇಳಿತು, ಇನ್ನೊಂದು ಗುಂಪು ತಾನೇ ಲೆಕ್ಕಕ್ಕೆ ಕೈಹಾಕಿ ತಿಣುಕಿತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ತಿಣುಕಿದವರಿಗೆ. ಹೆಚ್ಚು ಕಲಿತೆವೆಂಬ ತೃಪ್ತಿ ಇದ್ದದ್ದು ಮಾತ್ರ ಕೇಳಿದವರಿಗೆ! ತಲೆ ಕೆಡಿಸಿಕೊಂಡದ್ದನ್ನು ಮನಸ್ಸು ಸೋಲೆಂದು ಲೆಕ್ಕ ಹಾಕಿತ್ತು. ಹಾಗಾಗಿ ಮೇಷ್ಟ್ರು ‘ಅರ್ಥ ಆಯ್ತಾ?’ ಎಂದಾಗ ಇಡೀ ಕ್ಲಾಸು ‘ಎಸ್ ಸಾರ್’ ಎಂದು ರಾಗ ಎಳೆಯುವುದರಲ್ಲಿ ಸುಳ್ಳಿಲ್ಲ. ಅರ್ಥವಾಗಿದೆ ಎಂದೇ ಅವರು ನಂಬಿರುತ್ತಾರೆ. ಆ ನಂಬಿಕೆಯನ್ನು ಒರೆಗೆ ಹಚ್ಚಬಲ್ಲ ಪ್ರಶ್ನೆ ಆ ಕ್ಷಣದಲ್ಲೇ ಬೇಕು. ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಎಂಬತ್ತು ತಲೆ, ಕದಲದ ಬೆಂಚು, ಮುಗಿಯದ ಪೋರ್ಷನ್ ಇರುವ ನಮ್ಮ ಪದವಿ ಕಾಲೇಜುಗಳಲ್ಲಿ ಇದು ಆಗುವ ಮಾತೇ? ಯಂತ್ರಗಳಂತೂ ಬೇಕಿಲ್ಲ. ಎ, ಬಿ, ಸಿ, ಡಿ ಎಂದು ಬರೆದ ರಟ್ಟಿನ ಕಾರ್ಡು ಎತ್ತಿ ಹಿಡಿದರೂ ಎಲೆಕ್ಟ್ರಾನಿಕ್ ಕ್ಲಿಕ್ಕರ್ ಒತ್ತಿದರೂ ಕಲಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲವೆಂದು ತೋರಿಸಿರುವ ಅಧ್ಯಯನವಿದೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಲಾಭವೂ ಉಂಟು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಿಎಸ್ಸಿಗೆ ಬಂದ ಹುಡುಗಿ ಇಂಗ್ಲಿಷ್ ಪಾಠದ ನಡುವೆ ಎದ್ದು ನಿಂತು ಸಂಶಯ ಕೇಳುವುದಿಲ್ಲ. ಪಕ್ಕದವಳೊಡನೆ ಮಾತ್ರ ‘ಅದು ಹೆಂಗೆ ಸಮ ಆಗ್ತದೆ?’ ಎಂದು ಜಗಳಕ್ಕೇ ನಿಲ್ಲುತ್ತಾಳೆ. ಆ ಐದು ನಿಮಿಷ ವಿಜ್ಞಾನ ಅವಳದೇ ಭಾಷೆಯಲ್ಲಿ ನಡೆಯುತ್ತದೆ.

ಕಷ್ಟಗಳು ಬೇರೆ ಕಡೆ ಇವೆ. ಎರಡು ಬಸ್ಸು ಬದಲಿಸಿ ಬರುವವರಿಂದ, ಸಂಜೆ ಅಂಗಡಿಯಲ್ಲಿ ದುಡಿಯುವವರಿಂದ ದಿನವೂ ಇಪ್ಪತ್ತು ಪುಟ ಓದಿ ಬನ್ನಿ ಎಂದರೆ ಆಗದು. ಎರಡು ಪುಟ ಕೇಳಬಹುದು. ಒಳ್ಳೆಯ ಪ್ರಶ್ನೆ ಹೆಣೆಯುವುದಂತೂ ನೋಟ್ಸ್ ಬರೆಸುವುದಕ್ಕಿಂತ ದೊಡ್ಡ ಶ್ರಮ. ತಪ್ಪು ಆಯ್ಕೆಗಳು ಕೂಡ ಹುಡುಗರು ನಿಜವಾಗಿ ಮಾಡುವ ತಪ್ಪುಗಳೇ ಆಗಿರಬೇಕು. ಒಬ್ಬರೇ ಕೂತು ಮಾಡುವ ಬದಲು ಒಂದೇ ವಿಷಯದ ಅಧ್ಯಾಪಕರು ಕಾಲೇಜು ಕಾಲೇಜುಗಳ ನಡುವೆ ಪ್ರಶ್ನೆಗಳನ್ನು ಹಂಚಿಕೊಂಡರೆ ಹೊರೆ ಇಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಪ್ರಶ್ನೆಪತ್ರಿಕೆ. ಮಜೂರ್ ಪಾಠದ ಕ್ರಮ ಬದಲಿಸಿ ಸುಮ್ಮನಾಗಲಿಲ್ಲ, ಪರೀಕ್ಷೆಯಲ್ಲೂ ಪರಿಕಲ್ಪನೆಯ ಪ್ರಶ್ನೆಗಳನ್ನು ಸೇರಿಸಿದರು. ವಿಶ್ವವಿದ್ಯಾಲಯ ಕೇಳುವುದು ಸೂತ್ರದ ನಿರೂಪಣೆಯನ್ನಷ್ಟೇ ಆದರೆ ತರಗತಿಯ ಚರ್ಚೆಯನ್ನು ಹುಡುಗರು ಟೈಮ್‌ಪಾಸ್ ಎಂದೇ ಎಣಿಸುತ್ತಾರೆ. ಅವರ ಲೆಕ್ಕ ತಪ್ಪೂ ಅಲ್ಲ. ಹತ್ತು ಅಂಕದ ಒಂದು ನಿರೂಪಣೆಯ ಜಾಗದಲ್ಲಿ ಕಾರಣ ಕೊಟ್ಟು ಉತ್ತರಿಸುವ ಎರಡು ಪ್ರಶ್ನೆ ಇಟ್ಟು ನೋಡಲಿ. ಅಧ್ಯಾಪಕರ ತರಬೇತಿ ಶಿಬಿರಗಳಿಂದ ಆಗದ ಬದಲಾವಣೆ ಅಷ್ಟರಿಂದಲೇ ಶುರುವಾದೀತು.