ಚೀಕಲಪರ್ವಿಯಿಂದ ಗಂಡಕಿಗೆ: ಅಲ್ಪವ್ಯಯದ ಯಾತ್ರೆ, ರಾತ್ರಿಯ ಬಸ್ಸು

ತುಂಗಭದ್ರೆಯ ದಂಡೆಯ ಚೀಕಲಪರ್ವಿಯು ಮಾನ್ವಿ ತಾಲೂಕಿನ ಒಂದು ಸಣ್ಣ ಗ್ರಾಮವಾದರೂ, 1682ರಲ್ಲಿ ಅಲ್ಲಿ ಜನಿಸಿದ ದಾಸಪ್ಪನೆಂಬ ಬಡ ಬಾಲಕನು ಮುಂದೆ ವಿಜಯದಾಸರೆಂದು ಪ್ರಖ್ಯಾತನಾದುದರಿಂದ, ಹರಿದಾಸ ಸಾಹಿತ್ಯವನ್ನು ಬಲ್ಲವರಿಗೆಲ್ಲ ಅದು ಪುಣ್ಯಕ್ಷೇತ್ರವಾಗಿದೆ. ಮನೆಯ ದಾರಿದ್ರ್ಯವನ್ನು ತಾಳಲಾರದೆ ಊರು ಬಿಟ್ಟ ಆತನು ಕಾಶಿಯನ್ನು ಸೇರಿದನೆಂದೂ, ಅಲ್ಲಿ ಪುರಂದರದಾಸರು ಸ್ವಪ್ನದಲ್ಲಿ ದರ್ಶನವಿತ್ತು ಅಂಕಿತವನ್ನು ಅನುಗ್ರಹಿಸಿದರೆಂದೂ ಸಂಪ್ರದಾಯವು ಹೇಳುತ್ತದೆ. ಕೈಯಲ್ಲಿ ಕಾಸಿಲ್ಲದವನಿಗೂ ದೂರದ ಯಾತ್ರೆ ಸಾಧ್ಯವೆಂಬ ನಂಬಿಕೆ ಈ ಸೀಮೆಯಲ್ಲಿ ಅಷ್ಟು ಹಳೆಯದು. ಕಾಶಿಯನ್ನು ಕಂಡು, ಅಲ್ಲಿಂದ ಇನ್ನೂ ಉತ್ತರಕ್ಕೆ, ತಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿರುವ ಸಾಲಿಗ್ರಾಮಗಳು ಹುಟ್ಟಿದ ನೇಪಾಳದ ಗಂಡಕಿಯವರೆಗೂ ಹೋಗಿಬರಬೇಕೆಂಬ ಆಸೆಯುಳ್ಳ ರಾಯಚೂರು, ಮಾನ್ವಿ, ದೇವದುರ್ಗಗಳ ಗೃಹಸ್ಥರಿಗೆ, ಆ ದಾರಿಯಲ್ಲಿ ಅಂತಾರಾಷ್ಟ್ರೀಯ ಗಡಿಯೊಂದು ಅಡ್ಡಬರುವುದೆಂಬ ಅಳುಕು ಮಾತ್ರ ಸಹಜವಾಗಿಯೇ ಇರುತ್ತದೆ.

ಆದರೆ ಗಡಿಯೆಂಬುದು ಈ ನಾಡಿಗೆ ಅಪರಿಚಿತವೇನೂ ಅಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಗುವವರೆಗೂ ಚೀಕಲಪರ್ವಿಯ ಮುಂದೆ ಹರಿಯುವ ತುಂಗಭದ್ರೆಯೇ ಗಡಿಯಾಗಿದ್ದಿತು. ಈಚೆಗೆ ನಿಜಾಮರ ರಾಜ್ಯ, ಆಚೆಗೆ ಮದ್ರಾಸ್ ಪ್ರಾಂತ. ಮಂತ್ರಾಲಯವೂ ಆಚೆಯ ದಂಡೆಗೇ ಸೇರಿದ್ದರಿಂದ, ರಾಯರ ದರ್ಶನಕ್ಕೆ ಹೊಳೆ ದಾಟುವ ಭಕ್ತನು ಸರಕಾರವೊಂದನ್ನು ಬಿಟ್ಟು ಇನ್ನೊಂದರೊಳಕ್ಕೆ ಕಾಲಿಡುತ್ತಿದ್ದನು. ಸಂಸ್ಥಾನಕ್ಕೆ ತನ್ನದೇ ಅಂಚೆಚೀಟಿ, ತನ್ನದೇ ಕರೋಡಗಿರಿಯೆಂಬ ಸುಂಕ, ತನ್ನದೇ ಹಾಲಿ ಸಿಕ್ಕ ನಾಣ್ಯ. ಏಳು ಹಾಲಿ ರೂಪಾಯಿ ಕೊಟ್ಟರೆ ಆಚೆಯ ಆರು ರೂಪಾಯಿ ಬರುತ್ತಿದ್ದವು. ಅಜ್ಜಂದಿರು ಮಾಡಿದ ಈ ಲೆಕ್ಕವನ್ನೇ ಮೊಮ್ಮಕ್ಕಳು ನೇಪಾಳದ ಹೊಸ್ತಿಲಲ್ಲಿ ಮಾಡಬೇಕಾಗುತ್ತದೆ. ಅಲ್ಲಿ ನಮ್ಮ 100 ರೂಪಾಯಿಗೆ ಅವರ 160 ರೂಪಾಯಿಗಳೆಂಬ ದರವು 1993ರಿಂದ ಸ್ಥಿರವಾಗಿ ನಿಂತಿದೆ.

1950ರ ಜುಲೈ 31ರಂದು ಉಭಯ ದೇಶಗಳು ಮಾಡಿಕೊಂಡ ಶಾಂತಿ ಮತ್ತು ಮೈತ್ರಿಯ ಒಪ್ಪಂದದ ಫಲವಾಗಿ ಭಾರತೀಯರಿಗೆ ನೇಪಾಳ ಪ್ರವೇಶಕ್ಕೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಇಲ್ಲದವನು ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿಯನ್ನು ಇಟ್ಟುಕೊಂಡಿದ್ದರೆ ಸಾಕು. ಅರವತ್ತೈದು ದಾಟಿದವರಿಗೂ ಹದಿನೈದರ ಒಳಗಿನವರಿಗೂ ಆಧಾರ್ ಮೊದಲಾದ ಭಾವಚಿತ್ರವುಳ್ಳ ಪತ್ರ ನಡೆಯುತ್ತದೆ. ಉಳಿದವರು ಆಧಾರ್ ಒಂದನ್ನೇ ನಂಬಿ ಹೊರಡಬಾರದು. ಊರಿನಲ್ಲಿ ಓಟು ಹಾಕುವ ದಿನವಷ್ಟೇ ಹೊರಬರುವ ಆ ಚೀಟಿಯು ಬಡವನನ್ನು ಪರದೇಶಕ್ಕೆ ಗೌರವದಿಂದ ಕರೆದೊಯ್ಯುವುದೆಂಬ ಸಂಗತಿಯನ್ನು ನಮ್ಮ ಹಳ್ಳಿಗಳಲ್ಲಿ ಇನ್ನೂ ಹೆಚ್ಚು ಜನರು ತಿಳಿಯಬೇಕೆಂಬುದೇ ಈ ಬರಹದ ಉದ್ದೇಶ.

ಸಿಕಂದರಾಬಾದಿನಿಂದ ದಾನಾಪುರ ಎಕ್ಸ್‌ಪ್ರೆಸ್ ಹಿಡಿದು ಈಗ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ ಎನಿಸಿಕೊಂಡಿರುವ ಹಿಂದಿನ ಮೊಘಲ್‌ಸರಾಯಿಯಲ್ಲಿ ಇಳಿದರೆ ಕಾಶಿ ಹತ್ತಿರ. ಕಾಶಿಯಿಂದ ಗೋರಖಪುರದ ಮೂಲಕ ಗಡಿಯ ಊರಾದ ಸೊನೌಲಿ. 2014ರ ನವೆಂಬರಿನಲ್ಲಿ ದಿಲ್ಲಿಗೂ ಕಾಠ್ಮಂಡುವಿಗೂ, ಮರುವರ್ಷ ಕಾಶಿಗೂ ಕಾಠ್ಮಂಡುವಿಗೂ ನೇರ ಬಸ್ಸಿನ ಸಂಚಾರ ಆರಂಭವಾಯಿತು. ಆದರೂ ಮಿತವ್ಯಯವೇ ಮುಖ್ಯವಾದವನಿಗೆ ಗಡಿಯವರೆಗೆ ಒಂದು ಬಸ್ಸು, ಗಡಿಯಾಚೆಗೆ ಇನ್ನೊಂದು ಎಂಬ ಕ್ರಮವೇ ಮೇಲೆಂದು ನಾನು ಭಾವಿಸುತ್ತೇನೆ. ಈಚೆಯ ದಲ್ಲಾಳಿಗಳು ಪೋಖರಾದವರೆಗೂ ಒಂದೇ ಚೀಟಿ ಕೊಡುತ್ತೇವೆಂದು ಹಣ ಕೇಳಿದರೆ ಕೊಡತಕ್ಕದ್ದಲ್ಲ. ಸಶಸ್ತ್ರ ಸೀಮಾ ಬಲದವರು ಚೀಲವನ್ನು ನೋಡಿ ಬಿಟ್ಟ ಮೇಲೆ, ಕಮಾನಿನ ಕೆಳಗೆ ಕಾಲ್ನಡಿಗೆಯಲ್ಲಿಯೇ ದಾಟಿ ಬೇಲಹಿಯಾವನ್ನು ಸೇರಿ, ಅಲ್ಲಿಯೋ ಸಮೀಪದ ಭೈರಹವಾದಲ್ಲಿಯೋ ಕೌಂಟರಿನಲ್ಲಿ ತಾನೇ ಟಿಕೆಟು ಕೊಳ್ಳಬೇಕು.

ಆ ಟಿಕೆಟನ್ನು ಒಮ್ಮೆ ಸಾವಧಾನವಾಗಿ ಓದುವುದು ಅವಶ್ಯ. ಅದರಲ್ಲಿ ದೇವನಾಗರಿ ಅಂಕಿಗಳಲ್ಲಿ ಬರೆದ ವರ್ಷವು ನಮಗಿಂತ ಐವತ್ತಾರೋ ಐವತ್ತೇಳೋ ವರ್ಷ ಮುಂದಿರುತ್ತದೆ, ಏಕೆಂದರೆ ಅಲ್ಲಿನ ವ್ಯವಹಾರವೆಲ್ಲ ವಿಕ್ರಮ ಸಂವತ್ಸರದಲ್ಲಿ ನಡೆಯುತ್ತದೆ. ತಿಂಗಳ ಹೆಸರು ನಮ್ಮ ವೈಶಾಖ, ಜ್ಯೇಷ್ಠಗಳೇ ಆದರೂ ಅವು ಸೌರಮಾಸಗಳಾದುದರಿಂದ ನಮ್ಮ ಪಂಚಾಂಗದ ತಿಥಿಗೆ ಹೊಂದುವುದಿಲ್ಲ. ಅಲ್ಲಿನ ಗಡಿಯಾರವೂ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಸಂಜೆ ಆರಕ್ಕೆ ಹೊರಡುವ ಬಸ್ಸು ನಮ್ಮ ಕೈಗಡಿಯಾರದಲ್ಲಿ ಐದೂಮುಕ್ಕಾಲಿಗೇ ಹೊರಟಿರುತ್ತದೆ.

ರಾತ್ರಿಯ ಬಸ್ಸಿನಿಂದ ಒಂದು ರಾತ್ರಿಯ ವಸತಿಯ ಖರ್ಚು ಉಳಿಯುವುದು ನಿಜ. ಆದರೆ ಬುಟವಲ್ ದಾಟಿದ ಮೇಲೆ ಕಾಠ್ಮಂಡುವಿನ ಬಸ್ಸು ಪೂರ್ವಾಭಿಮುಖವಾಗಿ ಮಹೇಂದ್ರ ರಾಜಮಾರ್ಗದಲ್ಲಿ ಓಡಿ, ಗೈಂಡಾಕೋಟದಿಂದ ನಾರಾಯಣಗಢಕ್ಕೆ ಸೇತುವೆಯೊಂದನ್ನು ದಾಟುತ್ತದೆ. ಕೆಳಗೆ ಕತ್ತಲೆಯಲ್ಲಿ ಹರಿಯುವ ನಾರಾಯಣಿಯೇ ಗಂಡಕಿ. ಯಾವ ನದಿಗಾಗಿ ಇಷ್ಟು ದೂರ ಬಂದೆವೋ ಅದನ್ನು ನಿದ್ದೆಯಲ್ಲಿ ದಾಟಿಬಿಡುವವರೇ ಬಹಳ. ಜತೆಯವರಿಗೆ ಹೇಳಿಟ್ಟು ಎಚ್ಚರವಾಗಿ, ಕಿಟಕಿಯಿಂದಲೇ ಕೈಮುಗಿಯುವುದು ಲೇಸು. ಆಮೇಲೆ ಮುಗ್ಲಿಂಗ್‌ವರೆಗೆ ತ್ರಿಶೂಲಿಯ ಕಣಿವೆಯ ಅಂಚಿನ ರಸ್ತೆ. 2024ರ ಜುಲೈ 12ರ ನಸುಕಿನಲ್ಲಿ ಇಲ್ಲಿಯೇ ಗುಡ್ಡ ಕುಸಿದು ಎರಡು ಬಸ್ಸುಗಳು ಪ್ರಯಾಣಿಕರೊಡನೆ ನದಿಯ ಪಾಲಾದವು. ಆದುದರಿಂದ ಮಳೆಗಾಲದಲ್ಲಿ ಈ ಮಾರ್ಗವನ್ನು ಹಗಲಿನಲ್ಲಿಯೇ ಕ್ರಮಿಸಬೇಕು. ವಸತಿಯ ಹಣಕ್ಕಾಗಿ ಪ್ರಾಣವನ್ನು ಪಣವಿಡುವುದು ಮಿತವ್ಯಯವಲ್ಲ.

ಗಂಡಕಿಯ ಮೇಲ್ಕಣಿವೆಯ ಮುಕ್ತಿನಾಥ ಕ್ಷೇತ್ರಕ್ಕೆ ಹೋಗುವವರು ಪೋಖರಾ, ಬೇನಿ, ಜೋಮ್ಸೋಮಗಳ ಮಾರ್ಗ ಹಿಡಿಯಬೇಕು. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪ್ರವೇಶಪತ್ರಕ್ಕೆ ಭಾರತೀಯರಿಂದ ಇತರ ವಿದೇಶೀಯರಿಗಿಂತ ಕಡಿಮೆ ಶುಲ್ಕ ಪಡೆಯುತ್ತಾರೆ. ಮುಕ್ತಿನಾಥದ ಎತ್ತರ ಸುಮಾರು 3,700 ಮೀಟರ್. ವೃದ್ಧರು ನಡುವೆ ಒಂದು ರಾತ್ರಿ ತಂಗಿ ಏರಬೇಕು. ದಾರಿಯುದ್ದಕ್ಕೂ ಇರುವ ಕಾಳಿಗಂಡಕಿಯ ಕಪ್ಪು ಕಲ್ಲುಗಳಲ್ಲಿ ಕಾಣುವ ಚಕ್ರಗಳು, ಹಿಮಾಲಯವೇಳುವ ಮೊದಲು ಅಲ್ಲಿದ್ದ ಸಮುದ್ರದಲ್ಲಿ ಬದುಕಿದ ಅಮೋನೈಟ್ ಎಂಬ ಜೀವಿಗಳ ಚಿಪ್ಪಿನ ಸುರುಳಿಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದನ್ನು ತಿಳಿದುದರಿಂದ ಸಾಲಿಗ್ರಾಮದಲ್ಲಿ ನನ್ನ ಭಕ್ತಿ ಹೆಚ್ಚಿತೇ ಹೊರತು ಕುಂದಲಿಲ್ಲ.

ಹಣದ ವಿಷಯದಲ್ಲಿ ಒಂದು ಮಾತು. ನಮ್ಮ 100 ರೂಪಾಯಿಯ ಹಾಗೂ ಅದಕ್ಕಿಂತ ಸಣ್ಣ ನೋಟುಗಳು ಅಲ್ಲಿ ನಿರಾತಂಕವಾಗಿ ಚಲಾವಣೆಯಾಗುತ್ತವೆ. ದೊಡ್ಡ ನೋಟುಗಳನ್ನು ನೇಪಾಳ ಸರಕಾರವು 2018ರ ಡಿಸೆಂಬರಿನಲ್ಲಿ ನಿಷೇಧಿಸಿತ್ತು. ಆ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ರಾಯಚೂರಿನಲ್ಲಿಯೇ ನೂರರ ನೋಟುಗಳ ಕಟ್ಟನ್ನು ಮಾಡಿಸಿಕೊಂಡು ಹೊರಡುವುದು ಕ್ಷೇಮ. ಮರಳುವಾಗ ಉಳಿದ ನೇಪಾಳಿ ರೂಪಾಯಿಗಳನ್ನು ಬೇಲಹಿಯಾದಲ್ಲಿಯೇ ಬದಲಿಸಿಕೊಳ್ಳಬೇಕು. ಗಡಿಯ ಪೇಟೆಯನ್ನು ದಾಟಿ ಬಂದರೆ ಅವನ್ನು ಕೊಳ್ಳುವವರು ಸಿಗುವುದು ಕಷ್ಟ.